ನೆಲದೊಳಗಿನ ಶಾಖಕ್ಕೂ ದಾಸ್ತಾನು ಪುಸ್ತಕ

ಗೋದಾಮಿನ ಸರಕನ್ನು ಎಣಿಸಬಹುದು. ನೆಲದೊಳಗೆ ಶೇಖರಿಸಿದ ಶಾಖವು ಕಣ್ಣಿಗೆ ಕಾಣದು. ಆದುದರಿಂದಲೇ ಅಲ್ಲಿ ಮಾಪಕಗಳಿಗೆ ದಾಸ್ತಾನು ಪುಸ್ತಕದ ಸ್ಥಾನವಿದೆ. ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಒಕೊಟೋಕ್ಸ್ ಪಟ್ಟಣದಲ್ಲಿ, ಡ್ರೇಕ್ ಲ್ಯಾಂಡಿಂಗ್ ಎಂಬ ಬಡಾವಣೆಯ 52 ಮನೆಗಳಿಗಾಗಿ 2007ರಲ್ಲಿ ಇಂಥದೊಂದು ವ್ಯವಸ್ಥೆ ಆರಂಭವಾಯಿತು. ಬೇಸಿಗೆಯ ಬಿಸಿಲಿನ ಶಾಖವನ್ನು ಸುಮಾರು 37 ಮೀಟರ್ ಆಳದ 144 ಕೊಳವೆಗಳ ಮೂಲಕ ಮಣ್ಣಿಗಿಳಿಸಿ ಚಳಿಗಾಲದಲ್ಲಿ ಹಿಂಪಡೆಯಲಾಗುತ್ತಿತ್ತು. ಮೊದಲ ವರ್ಷಗಳ ಶಾಖದಲ್ಲಿ ಗಣನೀಯ ಭಾಗ ಮಣ್ಣನ್ನು ಕಾಯಿಸುವುದಕ್ಕೇ ವ್ಯಯವಾಯಿತು. ಒಂದೇ ವರ್ಷದ ಲೆಕ್ಕ ನೋಡುವವರು ಅದನ್ನು ನಷ್ಟದ ಬಾಬ್ತಿಗೇ ಹಾಕಿಬಿಡುತ್ತಿದ್ದರು! ವರ್ಷಾನುಗಟ್ಟಲೆ ಮಾಪನ ನಡೆದುದರಿಂದಲೇ, ಐದನೆಯ ವರ್ಷಕ್ಕೆ ಸೌರಶಾಖದ ಪಾಲು ಶೇ. 90ನ್ನು ಮೀರಿದುದೂ, 2015-16ರ ಚಳಿಗಾಲದಲ್ಲಿ ಮನೆಗಳನ್ನು ಬೆಚ್ಚಗಿಡುವ ಪೂರ್ಣ ಅಗತ್ಯವನ್ನು ಅದೊಂದೇ ಪೂರೈಸಿದುದೂ ದಾಖಲಾದವು. ಇಂಥ ಯೋಜನೆಗಳ ಅಂದಾಜುಪಟ್ಟಿಯಲ್ಲಿ ಮಾಪಕಗಳ ವೆಚ್ಚವನ್ನು ಅಲಂಕಾರದ ಖರ್ಚೆಂದು ಮೊದಲು ಕತ್ತರಿಸುವುದು ಸರಿಯಾದ ಮಿತವ್ಯಯವಲ್ಲ.

ಆದರೆ ಮಾಪಕವು ಸವಕಳಿ ನಿಧಿಗೆ ಬದಲಿಯಾಗದು. ಪಂಪು, ಕವಾಟಗಳಂಥ ಭಾಗಗಳನ್ನು ಬದಲಿಸುವ ಹಣವನ್ನು ಮೊದಲ ವರ್ಷದಿಂದಲೇ ತೆಗೆದಿರಿಸತಕ್ಕದ್ದು. ಡ್ರೇಕ್ ಲ್ಯಾಂಡಿಂಗಿನಲ್ಲಿ ಉಪಕರಣಗಳು ಹಳತಾಗಿ, ಬಿಡಿಭಾಗಗಳು ದುರ್ಲಭವಾಗಿ, 2024ರಲ್ಲಿ ವ್ಯವಸ್ಥೆ ಸ್ಥಗಿತಗೊಂಡಿತು. ಮನೆಗಳನ್ನು ನೈಸರ್ಗಿಕ ಅನಿಲಕ್ಕೆ ಬದಲಾಯಿಸಬೇಕಾಯಿತು.