ಬಾಗಬೇಕಾದವರು ಯಾರು?

ಕೋಲಾರದ ಕಲ್ಯಾಣಮಂಟಪಗಳಲ್ಲಿ ವೇದಿಕೆಯ ಎದುರಿಗೆ ಬಿಳಿಬಟ್ಟೆ ಹೊದಿಸಿದ ಸೋಫಾಗಳ ಸಾಲು ಇದ್ದೇ ಇರುತ್ತದೆ. ಅಲ್ಲಿ ಕೂತವರನ್ನು ಎಬ್ಬಿಸಿ ದೊಡ್ಡವರನ್ನು ಕೂರಿಸುವ ಗಡಿಬಿಡಿಯೂ ತಪ್ಪಿದ್ದಲ್ಲ. ಲೂಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿ ಯೇಸು ಕಂಡದ್ದೂ ಹೆಚ್ಚುಕಡಿಮೆ ಇದನ್ನೇ. ಯೆಹೂದ್ಯರ ಧರ್ಮನಿಷ್ಠ ಪಂಗಡವಾದ ಫರಿಸಾಯರ ಮುಖಂಡನ ಮನೆಗೆ ಊಟಕ್ಕೆ ಬಂದವರು ಮೇಲಿನ ಜಾಗಕ್ಕೆ ಪೈಪೋಟಿ ನಡೆಸಿದ್ದರು. ಕೊನೆಯ ಜಾಗದಲ್ಲಿ ಹೋಗಿ ಕೂರಿ ಎಂದು ಅವರಿಗೆ ಹೇಳಿದ ಯೇಸು ಮನೆಯ ಯಜಮಾನನನ್ನೂ ಬಿಡಲಿಲ್ಲ. ಇನ್ನು ಮುಂದೆ ಔತಣಕ್ಕೆ ಬಡವರನ್ನು, ಕುಂಟರನ್ನು, ಕುರುಡರನ್ನು ಕರೆ ಎಂದರು.

ಪ್ರವಚನಗಳಲ್ಲಿ ಈ ಎರಡನೆಯ ಮಾತು ಬಹಳ ಸಲ ಬಿಟ್ಟುಹೋಗುತ್ತದೆ. ದೀನತೆಯ ಉಪದೇಶ ಸೊಸೆಗೆ, ಕೂಲಿಯಾಳಿಗೆ, ಪೌರಕಾರ್ಮಿಕನಿಗೆ ಸಲ್ಲುತ್ತದೆ. ಆದರೆ ಬೈಬಲ್ಲು ಗರ್ವದ ಕಥೆ ಹೇಳುವಾಗ ಕೈತೋರಿಸುವುದು ಮೇಲೆ ಕೂತವರ ಕಡೆಗೆ. ದಾನಿಯೇಲನ ಗ್ರಂಥದಲ್ಲಿ ದನದಂತೆ ಹುಲ್ಲು ಮೇಯುವವನು ಬಾಬಿಲೋನಿನ ಅರಸ ನೆಬೂಕದ್ನೆಚ್ಚರ. ಯೇಸು ಹೇಳಿದ ದೃಷ್ಟಾಂತದಲ್ಲಿ ದೇವಾಲಯದಲ್ಲಿ ನಿಂತು ತನ್ನ ಉಪವಾಸ, ದಶಮಾಂಶಗಳ ಲೆಕ್ಕ ಒಪ್ಪಿಸುವವನು ಮರ್ಯಾದಸ್ಥ ಫರಿಸಾಯ. ದೂರದಲ್ಲಿ ನಿಂತು ಎದೆ ಬಡಿದುಕೊಂಡ ಸುಂಕದವನಲ್ಲ.

ಕೋಲಾರ ಜಿಲ್ಲೆಯಲ್ಲಿ ಇದನ್ನು ಒತ್ತಿ ಹೇಳಲೇಬೇಕು. 2011ರ ಜನಗಣತಿಯಂತೆ ಇಲ್ಲಿನ ಶೇ 30ರಷ್ಟು ಜನ ಪರಿಶಿಷ್ಟ ಜಾತಿಯವರು. 2022ರ ಸೆಪ್ಟೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಉತ್ಸವದ ವೇಳೆ ದೇವರ ಕೋಲು ಮುಟ್ಟಿದನೆಂದು ದಲಿತ ಬಾಲಕನೊಬ್ಬನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದ್ದರು. ಆ ಕುಟುಂಬಕ್ಕೆ ತಗ್ಗಿ ನಡೆಯಲು ಹೇಳುವ ಹಕ್ಕು ಯಾರಿಗಿದೆ? ಚರ್ಚಿಗೂ ಈ ರೋಗ ಅಂಟಿದೆ. ತಿರುಚಿನಾಪಳ್ಳಿಯ ಕ್ರೈಸ್ತ ಸ್ಮಶಾನವೊಂದರಲ್ಲಿ ದಲಿತರ ಸಮಾಧಿಗಳನ್ನು ಬೇರ್ಪಡಿಸುವ ಜಾತಿಗೋಡೆಯೇ ನಿಂತಿತ್ತು.

ಬಾಗಿದ ದೊಡ್ಡವರೂ ಈ ನೆಲದಲ್ಲಿದ್ದರು. ಮುಳಬಾಗಿಲಿನಲ್ಲಿ ಹುಟ್ಟಿದ ಕವಿ ಡಿ.ವಿ.ಜಿ. 1970ರಲ್ಲಿ ಸನ್ಮಾನದೊಂದಿಗೆ ಬಂದ ಒಂದು ಲಕ್ಷ ರೂಪಾಯಿಯನ್ನು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ ಅನಾಥರಾದ ಮಕ್ಕಳನ್ನು ಕೋಲಾರದಲ್ಲಿ ಸಾಕಿದ ಮಿಷನರಿ ಮಿಸ್ ಆನ್‌ಸ್ಟೆಯವರ ಕೆಲಸ 1890ರಲ್ಲಿ ಅಮೆರಿಕದ ಮೆಥಡಿಸ್ಟರ ಕೈಸೇರಿತು. ಅದೇ ಮೆಥಡಿಸ್ಟರು 1910ರಲ್ಲಿ ಕಟ್ಟಿದ್ದು ಇಟಿಸಿಎಂ ಆಸ್ಪತ್ರೆ. ಗಾಯ ತೊಳೆಯುವುದು, ಹೆರಿಗೆಯ ರಕ್ತ ಒರೆಸುವುದು, ಬೆಡ್‌ಪ್ಯಾನ್ ತೆಗೆಯುವುದು ಅಲ್ಲಿನ ದಾದಿಯರ ದಿನನಿತ್ಯದ ಕೆಲಸ. ವೇದಿಕೆಯ ಮೇಲಿನ ಎಷ್ಟೋ ಭಾಷಣಗಳಿಗಿಂತ ಸುವಾರ್ತೆಗೆ ಇದೇ ಹತ್ತಿರ.

ಕೊನೆಯ ರಾತ್ರಿ ಯೇಸು ನಡುವಿಗೆ ಟವೆಲು ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದರು. ಅದು ಆ ಕಾಲದಲ್ಲಿ ಆಳಿನ ಕೆಲಸ. ಪೋಪ್ ಫ್ರಾನ್ಸಿಸ್ 2013ರಲ್ಲಿ, ಆ ರಾತ್ರಿಯನ್ನು ನೆನೆಯುವ ಪವಿತ್ರ ಗುರುವಾರದಂದು, ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ಹುಡುಗರ ಜೊತೆ ಹುಡುಗಿಯರ ಕಾಲನ್ನೂ ತೊಳೆದರು. 2016ರಲ್ಲಿ ಕಾಲು ತೊಳೆಯುವ ವಿಧಿಯ ನಿಯಮವನ್ನೇ ಬದಲಿಸಿ ಮಹಿಳೆಯರಿಗೂ ಅವಕಾಶ ಕೊಟ್ಟರು. ಕೋಲಾರದ ಚರ್ಚುಗಳೂ ಪವಿತ್ರ ಗುರುವಾರದಂದು ಪೌರಕಾರ್ಮಿಕರನ್ನು, ಶ್ರೀನಿವಾಸಪುರದ ಮಾವಿನ ತೋಟದ ಕೂಲಿಗಳನ್ನು ಮುಂದಿನ ಸಾಲಿನಲ್ಲಿ ಕೂರಿಸಲಿ. ಹಾಗೆ ಕೂತವರ ಹೆಸರು ಚರ್ಚಿನ ಸಮಿತಿಗೆ, ಶಾಲೆಯ ಆಡಳಿತ ಮಂಡಳಿಗೆ ಬಂತೇ ಎಂದು ಈಸ್ಟರ್ ಕಳೆದ ಮೇಲಿನ ಮೊದಲ ಸಭೆಯಲ್ಲೇ ವಿಶ್ವಾಸಿಗಳು ಎದ್ದು ಕೇಳಬೇಕು.