ಒಂದು ಸಲ ತಾಯಿಯಾಗಲಿ ಬಿಡಿ

ನಮ್ಮ ಬೆಕ್ಕಿಗೆ ಐದು ತಿಂಗಳಾಗುತ್ತಾ ಬಂತು, ಆಪರೇಷನ್ ಮಾಡಿಸಬೇಕು ಎಂದು ಹೇಳಿದಾಗ ಮನೆಗೆ ಬಂದಿದ್ದ ಗೆಳೆಯರೊಬ್ಬರು, ಕತೆಗಾರರು ಬೇರೆ, ನೊಂದುಕೊಂಡರು. ‘ಪಾಪ, ಒಂದು ಸಲವಾದರೂ ತಾಯಿಯಾಗಲಿ ಬಿಡಿ’ ಎಂದರು. ಈ ಮಾತನ್ನು ಹಾಲು ಹಾಕುವವರಿಂದ ಹಿಡಿದು ಸ್ತ್ರೀವಾದದ ಬಗ್ಗೆ ಭಾಷಣ ಮಾಡುವವರ ತನಕ ಎಲ್ಲರ ಬಾಯಲ್ಲೂ ಕೇಳಿದ್ದೇನೆ. ತಾಯ್ತನದಿಂದಲೇ ಹೆಣ್ಣಿನ ಬಾಳು ಸಾರ್ಥಕ ಎಂದು ಮನುಷ್ಯರ ವಿಷಯದಲ್ಲಿ ಹೇಳಲು ಈಗ ಕೊಂಚ ನಾಚುವವರು ಬೆಕ್ಕಿನ ವಿಷಯಕ್ಕೆ ಬಂದರೆ ಧಾರಾಳವಾಗಿ ಹೇಳುತ್ತಾರೆ.

ಬೆದೆಗೆ ಬಂದ ಹೆಣ್ಣುಬೆಕ್ಕನ್ನು ಹತ್ತಿರದಿಂದ ನೋಡಿದ್ದೀರಾ? ಅಲ್ಲಿ ತಾಯ್ತನದ ಹಂಬಲವೇನೂ ಕಾಣುವುದಿಲ್ಲ. ನೆಲದ ಮೇಲೆ ಹೊರಳಾಡುತ್ತದೆ, ಮುಂಗಾಲು ತಗ್ಗಿಸಿ ಹಿಂಭಾಗ ಎತ್ತುತ್ತದೆ, ರಾತ್ರಿಯಿಡೀ ಕೂಸು ಅತ್ತಂತೆ ಕೂಗುತ್ತದೆ. ಸುಮಾರು ಒಂದು ವಾರ ಹೀಗೆ. ಗಂಡು ಸಿಗದಿದ್ದರೆ ಎರಡು ಮೂರು ವಾರಕ್ಕೆ ಮತ್ತೆ ಅದೇ ಗೋಳು. ಬೆಕ್ಕಿನಲ್ಲಿ ಸಾಮಾನ್ಯವಾಗಿ ಗಂಡಿನೊಡನೆ ಕೂಡಿದ ಮೇಲೆಯೇ ಅಂಡ ಬಿಡುಗಡೆಯಾಗುವುದು. ಅಲ್ಲಿಯವರೆಗೆ ಚಕ್ರ ತಿರುಗುತ್ತಲೇ ಇರುತ್ತದೆ. ಈ ಚಕ್ರವನ್ನು ನಡೆಸುವುದು ಹಗಲಿನ ಉದ್ದ. ಚಳಿದೇಶದ ಬೆಕ್ಕಿಗೆ ಚಳಿಗಾಲದಲ್ಲಿ ಬಿಡುವು ಸಿಗುತ್ತದೆ. ನಮ್ಮಲ್ಲಿ ಹಗಲು ಅಷ್ಟೇನೂ ಕುಗ್ಗುವುದಿಲ್ಲ, ಬಿಡುವೂ ಅಷ್ಟಕ್ಕಷ್ಟೇ. ಮೊದಲ ಬೆದೆ ನಾಲ್ಕೈದು ತಿಂಗಳಿಗೇ ಬರಬಹುದು, ಹಾಲುಹಲ್ಲು ಪೂರ್ತಿ ಉದುರಿರದ ಮರಿಗೆ! ಗರ್ಭ 9 ವಾರ. ಮರಿಗಳಿಗೆ ಹಾಲೂಡಿಸುತ್ತಿರುವಾಗಲೇ ಮತ್ತೆ ಬೆದೆ ಬರುವುದುಂಟು. ‘ಒಂದು ಸಲ’ ಎಂಬ ಲೆಕ್ಕ ನಮ್ಮದು, ಬೆಕ್ಕಿನ ದೇಹದ್ದಲ್ಲ.

ನಾನೂ ಹಿಂದೆ ಈ ಮಾತನ್ನು ನಂಬಿದವನೇ. ಆಗಿನ ಬೆಕ್ಕು ನಾಲ್ಕು ಮರಿ ಹಾಕಿತು. ‘ಗಂಡು ಮರಿ ಇದ್ದರೆ ಕೊಡಿ’ ಎಂದು ಕೇಳಿಕೊಂಡು ಬಂದವರು ಎರಡನ್ನು ಒಯ್ದರು. ಉಳಿದವು ಒಂದು ಕಪ್ಪು ಬಿಳುಪಿನದು, ಇನ್ನೊಂದು ಮೂರು ಬಣ್ಣದ್ದು. ಮೂರು ಬಣ್ಣದ್ದು ಹೆಚ್ಚುಕಮ್ಮಿ ಯಾವಾಗಲೂ ಹೆಣ್ಣೇ, ಬಾಲ ಎತ್ತಿ ನೋಡುವ ಕಷ್ಟವೂ ಇಲ್ಲದೆ ಬೇಡ ಅನ್ನಿಸಿಕೊಳ್ಳುತ್ತದೆ. ಎರಡು ತಿಂಗಳು ಕಾದು, ಒಂದು ಬೆಳಗ್ಗೆ ಎರಡನ್ನೂ ರಟ್ಟಿನ ಡಬ್ಬಿಯಲ್ಲಿಟ್ಟು ಮೀನು ಮಾರ್ಕೆಟ್ಟಿನ ಹಿಂದೆ ಬಿಟ್ಟು ಬಂದೆ. ಮೀನು ಸಿಗುತ್ತದಲ್ಲ ಎಂಬ ಸಮಾಧಾನ ಬೇರೆ. ಮನೆಯಲ್ಲಿ ತಾಯಿಬೆಕ್ಕು ಮೂರು ದಿನ ಮಂಚದ ಕೆಳಗೆ, ಬೀರುವಿನ ಸಂದಿಯಲ್ಲಿ, ಹಂಡೆಯ ಹಿಂದೆ ಕರೆಯುತ್ತಾ ತಿರುಗಿತು. ಪುಣ್ಯಕೋಟಿಗಾಗಿ ಅಳುತ್ತಾ ಬೆಳೆದವನು ನಾನು. ಆ ಮೂರು ದಿನ ರೇಡಿಯೋ ಜೋರು ಮಾಡಿಕೊಂಡು ಕೂತಿದ್ದೆ.

ಪ್ರಕೃತಿಗೆ ವಿರುದ್ಧ ಎನ್ನುವವರಿದ್ದಾರೆ. ಅವರೇ ತಮ್ಮ ಬೆಕ್ಕಿಗೆ ರೇಬೀಸ್ ಚುಚ್ಚುಮದ್ದು ಹಾಕಿಸಿರುತ್ತಾರೆ, ಅದು ಒಳ್ಳೆಯದೇ. ಆರು ತಿಂಗಳೊಳಗೆ ಅಂಡಾಶಯ ತೆಗೆಸಿದರೆ ಮೊಲೆಯ ಕ್ಯಾನ್ಸರಿನ ಸಂಭವ ಬಹಳ ಇಳಿಯುತ್ತದೆ; ಬೆಕ್ಕುಗಳಲ್ಲಿ ಮೊಲೆಯ ಗಂಟುಗಳು ಬಹುಪಾಲು ಕ್ಯಾನ್ಸರೇ ಆಗಿರುತ್ತವೆ. ಗರ್ಭಕೋಶದಲ್ಲಿ ಕೀವು ತುಂಬಿ ಸಾಯುವ ಭಯವೂ ತಪ್ಪುತ್ತದೆ. ಬೆದೆ ನಿಲ್ಲಿಸಲು ಕೊಡುವ ಹಾರ್ಮೋನ್ ಮಾತ್ರೆಗಳಾದರೋ ಇದೇ ಎರಡು ರೋಗಗಳನ್ನು ಕರೆತರಬಲ್ಲವು. ಬೆದೆ ಶುರುವಾಗಿಬಿಟ್ಟರೂ ಆಪರೇಷನ್ ಸಾಧ್ಯ, ಆದರೆ ಆಗ ರಕ್ತದ ಓಟ ಹೆಚ್ಚಿರುವುದರಿಂದ ಅದು ಇಳಿಯಲಿ ಎನ್ನುವ ವೈದ್ಯರೂ ಇದ್ದಾರೆ. ಅಷ್ಟು ದಿನ ಕಿಟಕಿ ಬಾಗಿಲು ಭದ್ರ ಮಾಡಿಕೊಳ್ಳಬೇಕು. ಹಾಗಾಗಿ ಮೊದಲ ಬೆದೆಗೆ ಮುಂಚೆಯೇ ಎನ್ನುತ್ತೇನೆ. ಗಂಡಿಗೂ ಮಾಡಿಸಿ, ಜಗಳದಲ್ಲಿ ಕಿವಿ ಹರಿದುಕೊಂಡು ಬರುವುದು ಕಡಿಮೆಯಾಗುತ್ತದೆ.

ಅರಿವಳಿಕೆಯ ಭಯ ಇರುವವರು, ಖರ್ಚಿಗೆ ಹೆದರುವವರು, ಇವರೊಂದಿಗೆ ನನ್ನ ಜಗಳವಿಲ್ಲ. ಅದು ವೈದ್ಯರ ಬಳಿ ಕೂತು ಮಾತಾಡುವ ವಿಷಯ. ನನ್ನ ಜಗಳ ಕನಿಕರದವರೊಂದಿಗೆ.

ಕತೆಗಾರರಿಗೆ ಹೇಳಿದೆ: ‘ಸರಿ, ಮರಿ ಹಾಕಲಿ. ಎರಡು ಹೆಣ್ಣು ಮರಿ ನಿಮ್ಮ ಪಾಲಿಗೆ.’

ಮನೆಗೆ ಹೊಸ ಸೋಫಾ ತಂದಿದ್ದಾರಂತೆ. ಆಪರೇಷನ್ ಶುಕ್ರವಾರಕ್ಕಿದೆ.