ಮೂಲಗಂಟಿಗೆ ಎರಡು ಲೆಕ್ಕ

1714ರಲ್ಲಿ ಇಂಗ್ಲೆಂಡಿನ ಬಡ ಪಾದ್ರಿಗಳಿಗಾಗಿ ಚೀಟಿ ಎತ್ತುವ ಪದ್ಧತಿ ಶುರುವಾಯಿತು. ವರ್ಷದ ಆದಾಯ 10 ಪೌಂಡ್ ಮೀರದ ಚರ್ಚುಗಳಲ್ಲಿ ಯಾವುದರ ಚೀಟಿ ಬರುತ್ತದೋ ಅದಕ್ಕೆ 200 ಪೌಂಡ್ ಸಿಗುತ್ತಿತ್ತು. ಆ ಹಣ ಪಾದ್ರಿಯ ಕೈಗೆ ಹೋಗುತ್ತಿರಲಿಲ್ಲ. ಅದರಲ್ಲಿ ಜಮೀನು ಕೊಳ್ಳಬೇಕು, ಗೇಣಿ ಮಾತ್ರ ಅವನಿಗೂ ಅವನ ನಂತರ ಬರುವವರಿಗೂ ಸಲ್ಲಬೇಕು. ಈ ಹಣದ ಮೂಲ ಒಂದು ತೆರಿಗೆ. ಪಾದ್ರಿಗಳು ಪೋಪ್‌ಗೆ ಕೊಡುತ್ತಿದ್ದ ಆ ತೆರಿಗೆಯನ್ನು ಎಂಟನೇ ಹೆನ್ರಿ ತನ್ನ ಬೊಕ್ಕಸಕ್ಕೆ ತಿರುಗಿಸಿಕೊಂಡಿದ್ದ. 1704ರಲ್ಲಿ ರಾಣಿ ಆ್ಯನ್ ಅದನ್ನು ಚರ್ಚಿಗೇ ಬಿಟ್ಟುಕೊಟ್ಟಳು. ‘ಕ್ವೀನ್ ಆ್ಯನ್ಸ್ ಬೌಂಟಿ’ ಎಂಬ ನಿಧಿ ಹುಟ್ಟಿದ್ದು ಹಾಗೆ.

ಈ ನಿಧಿ 1948ರಲ್ಲಿ ಮತ್ತೊಂದು ಸಂಸ್ಥೆಯೊಡನೆ ಕೂಡಿ ‘ಚರ್ಚ್ ಕಮಿಷನರ್ಸ್’ ಆಯಿತು. ಇಂದು ಅದು ನೋಡಿಕೊಳ್ಳುತ್ತಿರುವುದು ಷೇರು, ಹೊಲ, ಕಾಡು, ಲಂಡನ್ನಿನ ಬಾಡಿಗೆ ಕಟ್ಟಡಗಳೆಲ್ಲ ಸೇರಿ 1,000 ಕೋಟಿ ಪೌಂಡ್‌ಗೂ ಮೀರಿದ ಆಸ್ತಿಯನ್ನು. 2023ರಿಂದ 2025ರವರೆಗಿನ ಮೂರು ವರ್ಷಕ್ಕೆ ಚರ್ಚಿನ ಕೆಲಸಗಳಿಗೆಂದು ಅದು ತೆಗೆದಿಟ್ಟದ್ದು 120 ಕೋಟಿ ಪೌಂಡ್. ಬಿಷಪ್ಪರ ಕಚೇರಿ, ಕೆಥೀಡ್ರಲ್‌ಗಳು, ಬಡ ಡಯಾಸಿಸ್‌ಗಳು, 1998ಕ್ಕೆ ಹಿಂದಿನ ಸೇವೆಯ ಪಿಂಚಣಿ ಎಲ್ಲವೂ ಇದನ್ನು ನೆಚ್ಚಿವೆ. ಆದರೂ ಇಂಗ್ಲೆಂಡಿನ ಚರ್ಚು ನಡೆಯುವುದು ಬಹುಪಾಲು ಸಭಾಸದರ ಕಾಣಿಕೆಯಿಂದಲೇ.

ಆ 1998ರ ಗೆರೆ ಸುಮ್ಮನೆ ಬಿದ್ದದ್ದಲ್ಲ. 1980ರ ದಶಕದ ಕೊನೆಯಲ್ಲಿ ಕಮಿಷನರ್‌ಗಳು ಸಾಲ ಮಾಡಿ ಆಸ್ತಿ ವ್ಯವಹಾರಕ್ಕೆ ಇಳಿದರು. ಮಾರುಕಟ್ಟೆ ಕುಸಿದಾಗ ನಿಧಿಯ ಮೌಲ್ಯದಲ್ಲಿ ಸುಮಾರು 80 ಕೋಟಿ ಪೌಂಡ್ ಕರಗಿತು. 1998ರ ನಂತರದ ಸೇವೆಯ ಪಿಂಚಣಿಯ ಹೊರೆ ಡಯಾಸಿಸ್‌ಗಳ ಮೇಲೆ, ಅಲ್ಲಿಂದ ಹಳ್ಳಿ ಚರ್ಚಿನ ಕಾಣಿಕೆ ತಟ್ಟೆಯ ಮೇಲೆ ಬಿತ್ತು. ಲಂಡನ್ನಿನಲ್ಲಿ ಆದ ತಪ್ಪಿಗೆ ಊರಿನ ಸಭೆ ಬೆಲೆ ತೆತ್ತಿತು.

ಹಾಗಾಗಿಯೇ 2021ರಲ್ಲಿ ‘ಸೇವ್ ದ ಪ್ಯಾರಿಷ್’ (ಊರ ಚರ್ಚು ಉಳಿಸಿ) ಚಳವಳಿ ಎದ್ದಾಗ ಅದರ ಕೂಗು ನನಗೆ ನ್ಯಾಯವಾಗಿ ಕಂಡಿತು. ಹೊಸ ಸಭೆಗಳನ್ನು ಕಟ್ಟುವ, ಯುವಜನರನ್ನು ಸೆಳೆಯುವ ಯೋಜನೆಗಳಿಗೆ ಅರ್ಜಿ ಹಾಕಿದವರಿಗೆ ನಿಧಿಯ ದುಡ್ಡು ಸಿಗುತ್ತಿತ್ತು. ಹಲವು ಚರ್ಚುಗಳನ್ನು ಒಬ್ಬರೇ ನೋಡಿಕೊಳ್ಳುವ ಸಭಾಪಾಲಕರಿಗೆ ಆಸರೆ ಕಡಿಮೆಯಾಗುತ್ತಿತ್ತು. ಹೊಸ ಪ್ರಯತ್ನ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಆ್ಯನ್‌ಳ ನಿಧಿ ಹುಟ್ಟಿದ್ದೇ ತೀರ ಬಡ ಪಾದ್ರಿಗಾಗಿ. ಯೋಜನಾ ವರದಿ ಬರೆಯಲು ಬಾರದವನೇ ಮೊದಲ ಹಕ್ಕುದಾರ.

ಈ ಆಸ್ತಿ ಯಾರಿಗಾಗಿ ಎಂಬ ಪ್ರಶ್ನೆ ನಮಗೂ ದೂರದ್ದಲ್ಲ. 1947ರಲ್ಲಿ ಆಂಗ್ಲಿಕನ್ ಸಭೆಗಳೂ ಸೇರಿ ಚರ್ಚ್ ಆಫ್ ಸೌತ್ ಇಂಡಿಯಾ ರೂಪುಗೊಂಡ ಮೇಲೆ ಮಿಷನ್‌ಗಳ ಜಾಗಗಳು ಅದರ ಟ್ರಸ್ಟಿಗೆ ಬಂದವು. ಶಾಲೆಗೆ, ಆಸ್ಪತ್ರೆಗೆ ಎಂದು ಕೊಟ್ಟ ನೆಲದ ಬಗ್ಗೆ ನಮ್ಮ ಸಿಎಸ್‌ಐ ಸಭಾಸದರೂ ಇದೇ ಲೆಕ್ಕ ಕೇಳಬೇಕು.

ಯಾರಿಗಾಗಿ ಎಂಬುದು ಒಂದು ಲೆಕ್ಕ. ಎಲ್ಲಿಂದ ಬಂತು ಎಂಬುದು ಇನ್ನೊಂದು. ಕಮಿಷನರ್‌ಗಳು ತಾವೇ ನಡೆಸಿದ ಶೋಧ 2023ರ ಜನವರಿಯಲ್ಲಿ ಹೊರಬಂತು: 1739ರ ಹೊತ್ತಿಗೆ ಬೌಂಟಿಯ 2.04 ಲಕ್ಷ ಪೌಂಡ್ ಸೌತ್ ಸೀ ಕಂಪನಿಯ ಹೂಡಿಕೆ ಪತ್ರಗಳಲ್ಲಿತ್ತು. ಅದು 34,000 ಆಫ್ರಿಕನ್ನರನ್ನು ಗುಲಾಮರಾಗಿ ಸಾಗಿಸಿದ ಕಂಪನಿ. ಬಡ ಪಾದ್ರಿಯ ಅನ್ನಕ್ಕೆಂದು ಇಟ್ಟ ಗಂಟು ಆ ಹಡಗುಗಳ ಒಡೆಯರ ಬಳಿ ಇತ್ತು. ಚರ್ಚು ಇದನ್ನು ಬಚ್ಚಿಡದೆ ಒಪ್ಪಿಕೊಂಡು, ಗುಲಾಮಗಿರಿಯಿಂದ ನೊಂದ ಸಮುದಾಯಗಳಿಗಾಗಿ 10 ಕೋಟಿ ಪೌಂಡ್ ಎತ್ತಿಡಲು ಮುಂದಾಯಿತು. ಇದು ಸಾಲದು, 100 ಕೋಟಿಯ ಗುರಿ ಬೇಕೆಂದು 2024ರಲ್ಲಿ ಚರ್ಚೇ ನೇಮಿಸಿದ ಸ್ವತಂತ್ರ ತಂಡ ಹೇಳಿತು.

ವಿರೋಧವೂ ಬಂತು. ಆ ಪತ್ರಗಳ ಬಡ್ಡಿ ಬಂದದ್ದು ಸರ್ಕಾರದ ಸಾಲದಿಂದ, ಗುಲಾಮರ ವ್ಯಾಪಾರದಿಂದಲ್ಲ ಎಂದು ಕೆಲವು ಇತಿಹಾಸಕಾರರ ವಾದ. ಅದರಲ್ಲಿ ತಿರುಳಿದೆ, ಅದನ್ನು ಲೆಕ್ಕ ಹಾಕಿಯೇ ತೀರ್ಮಾನಿಸಬೇಕು. ಆದರೆ ಕಂಪನಿಯ ವ್ಯಾಪಾರ ಯಾವುದೆಂದು ಹಣ ಇಟ್ಟವರಿಗೆ ತಿಳಿದಿರಲಿಲ್ಲ ಎನ್ನುವಂತಿಲ್ಲ. ಆ 10 ಕೋಟಿ ಊರ ಚರ್ಚಿಗೇ ಸಲ್ಲಲಿ ಎಂಬ ಮಾತು ನನ್ನನ್ನು ಹೆಚ್ಚು ಕಾಡಿತು, ಏಕೆಂದರೆ ಊರ ಚರ್ಚಿನ ಪರ ನಾನೂ ಇದ್ದೇನೆ. ಆದರೆ 10 ಕೋಟಿ ಎಂದರೆ ನಿಧಿಯ ನೂರರಲ್ಲಿ ಒಂದು ಪಾಲು. ಅದಕ್ಕಾಗಿ ಸಭಾಪಾಲಕರ ತಟ್ಟೆಗೆ ಕೈ ಹಾಕಬೇಕಾಗಿಯೂ ಬರಲಿಲ್ಲ: 2026–28ರ ಮೂರು ವರ್ಷಕ್ಕೆ ಕಮಿಷನರ್‌ಗಳು ಘೋಷಿಸಿರುವ ಮೊತ್ತ 160 ಕೋಟಿ ಪೌಂಡ್, ಪಾದ್ರಿಗಳ ಸಂಬಳ ಏರಿಕೆಗೂ ಅದರಲ್ಲಿ ಪಾಲಿದೆ.